ನೂರು ಮೈಲಿ ದಾಟಿಸುವ ನಡಿಗೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲನ್ನು ದಾಟಿ ಆಬರ್ನ್ ಪಟ್ಟಣಕ್ಕೆ ಇಳಿಯುವ ಹಳೆಯ ಕಾಲುಹಾದಿಯೊಂದಿದೆ. ವರ್ಷಕ್ಕೊಮ್ಮೆ, ಬೇಸಿಗೆಯ ಹುಣ್ಣಿಮೆಯ ಆಸುಪಾಸಿನಲ್ಲಿ, ಬೆಳಗಿನ ಜಾವ 5.15ಕ್ಕೆ ಕುದುರೆಗಳು ಈ ಹಾದಿ ಹಿಡಿಯುತ್ತವೆ. ದೂರ 100 ಮೈಲಿ, ನಮ್ಮ ಲೆಕ್ಕದಲ್ಲಿ 160 ಕಿಲೋಮೀಟರ್. ಗಡುವು 24 ತಾಸು. ಟೆವಿಸ್ ಕಪ್ ಎಂದು ಹೆಸರಾದ ಈ ಸವಾರಿಯನ್ನು 1955ರಲ್ಲಿ ಶುರು ಮಾಡಿದವರು ಆಬರ್ನಿನ ಉದ್ಯಮಿ ವೆಂಡೆಲ್ ರಾಬಿ. ಈಗಿನ ಕಾಲದ ಕುದುರೆಗಳಿಗೆ ದಿನಕ್ಕೆ ನೂರು ಮೈಲಿ ಎಲ್ಲಿ ಸಾಧ್ಯ ಎಂಬ ಮಾತು ಬಂದಾಗ, ಅವರು ತಮ್ಮ ಅರಬ್ಬಿ ಗಂಡುಕುದುರೆ ಬ್ಯಾಂಡೋಸ್ ಏರಿ, ನಾಲ್ವರು ಜೊತೆಗಾರರೊಂದಿಗೆ ಹೊರಟು ಮುಟ್ಟಿ ತೋರಿಸಿದರು. ಇಂದಿಗೂ ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಬರ್ನ್ ತಲುಪುವುದಿಲ್ಲ.

ಇಂಥ ಸವಾರಿ ಎಂದರೆ ನಾಗಾಲೋಟ ಎಂದುಕೊಳ್ಳುತ್ತೇವೆ. ಲೆಕ್ಕ ಬೇರೆಯದೇ ಹೇಳುತ್ತದೆ. ಗಡುವಿನಲ್ಲಿ ಎರಡು ತಾಸು ಕಡ್ಡಾಯ ವಿಶ್ರಾಂತಿಗೆ ಹೋಗುತ್ತದೆ. ಉಳಿದ 22 ತಾಸಿನಲ್ಲಿ 160 ಕಿಲೋಮೀಟರ್ ಎಂದರೆ ತಾಸಿಗೆ 7.3 ಕಿಲೋಮೀಟರ್. ಚುರುಕಾಗಿ ನಡೆಯುವ ಕುದುರೆ ತಾಸಿಗೆ 7 ಕಿಲೋಮೀಟರ್ ಸಾಗಬಲ್ಲದು, ಅಂದರೆ ಬೇಕಾದ ಸರಾಸರಿಯ ಹತ್ತಿರಕ್ಕೆ ಬರಿಯ ನಡಿಗೆಯಲ್ಲೇ ಬಂದಿರುತ್ತದೆ. ಏರು, ಇಳಿಜಾರು, ಕಲ್ಲುಹಾದಿ, ಕತ್ತಲು ಎಲ್ಲ ಸೇರಿ 30 ಕಿಲೋಮೀಟರ್ ನಡೆಯಲೇಬೇಕಾಯಿತು ಎನ್ನಿ. ತಾಸಿಗೆ 5 ಕಿಲೋಮೀಟರಿನಂತೆ ಕಾಲೆಳೆಯುವ ಕುದುರೆಗೆ ಅಷ್ಟಕ್ಕೇ ಆರು ತಾಸು ಬೇಕು. 7ರ ಕುದುರೆಗೆ ನಾಲ್ಕೂಕಾಲು ತಾಸು ಸಾಕು. ಆ ಒಂದೂಮುಕ್ಕಾಲು ತಾಸನ್ನು ನಿಧಾನದ ಕುದುರೆ ಓಡಿಯೇ ತುಂಬಿಕೊಡಬೇಕು. ಅದರ ಬೆಲೆ ತೆರುವುದು ಸವಾರನಲ್ಲ, ಕುದುರೆಯ ಕಾಲು.

ನಡಿಗೆಯಲ್ಲಿ ಕುದುರೆ ನಾಲ್ಕು ಕಾಲನ್ನೂ ಒಂದಾದ ಮೇಲೊಂದರಂತೆ ಇಡುತ್ತದೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಯಾವ ಗಳಿಗೆಯಲ್ಲೂ ಎರಡೋ ಮೂರೋ ಕಾಲು ನೆಲದ ಮೇಲೇ ಇರುತ್ತವೆ. ಟ್ರಾಟ್ ಎಂಬ ಕುಲುಕು ಓಟದಲ್ಲಾದರೆ ಮೈ ಒಂದು ಕ್ಷಣ ಪೂರಾ ಗಾಳಿಯಲ್ಲಿದ್ದು ಮತ್ತೆ ನೆಲಕ್ಕೆ ಬೀಳುತ್ತದೆ. ಆ ಪೆಟ್ಟು ಸಾವಿರಾರು ಸಲ ಸ್ನಾಯುರಜ್ಜುಗಳ ಮೇಲೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಸಮಯ ಉಳಿಸುವುದಾದರೆ ನಡಿಗೆಯಲ್ಲೇ ಉಳಿಸಬೇಕು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ತಿಂಗಳುಗಟ್ಟಲೆ ಟ್ರಾಟ್, ಅದಕ್ಕಿಂತ ಬಿರುಸಿನ ಕ್ಯಾಂಟರ್ ಓಟ ಎಂದು ತಾಲೀಮು ಕೊಡುವವರು ನಡಿಗೆಯನ್ನು ಬರಿಯ ವಿರಾಮವೆಂದು ಬಿಟ್ಟುಬಿಡುವುದು ಕಂಡರೆ ಸಂಕಟವಾಗುತ್ತದೆ. ಅಮೆರಿಕದ ಅಶ್ವದಳ ತನ್ನ ಕುದುರೆಗಳ ನಡಿಗೆಗೂ ತಾಸಿಗೆ 4 ಮೈಲಿ ಎಂದು ಅಳತೆ ಗೊತ್ತುಮಾಡಿತ್ತು.

ನಡಿಗೆ ಚೆನ್ನಾಗಿದೆಯೇ ಎಂದು ತಿಳಿಯಲು ಮಣ್ಣುದಾರಿಯಲ್ಲಿ ಬಿದ್ದ ಹೆಜ್ಜೆ ನೋಡಬೇಕು. ಹಿಂಗಾಲಿನ ಗೊರಸು ಅದೇ ಪಕ್ಕದ ಮುಂಗಾಲಿನ ಗುರುತನ್ನು ದಾಟಿ ಒಂದು ಗೇಣಿನಷ್ಟು ಮುಂದೆ ಬಿದ್ದಿದ್ದರೆ ಹೆಜ್ಜೆ ಬಿಚ್ಚಿದೆ ಎಂದರ್ಥ. ಗುರುತು ತಲುಪದೆ ಹಿಂದೆಯೇ ಉಳಿದಿದ್ದರೆ ಕುದುರೆ ಎಷ್ಟೇ ಗಡಿಬಿಡಿಯಿಂದ ಕಾಲಾಡಿಸಿದರೂ ದೂರ ಸಾಗುತ್ತಿಲ್ಲ.

ಹೆಜ್ಜೆ ಉದ್ದವಾಗುವುದು ಒದೆಯುವುದರಿಂದಲ್ಲ. ಪ್ರತಿ ಹೆಜ್ಜೆಗೂ ಹಿಮ್ಮಡಿ ತಿವಿಯುತ್ತ ಕೂತರೆ ನಾಲ್ಕು ದಿನದಲ್ಲಿ ಕುದುರೆಯ ಪಕ್ಕೆ ಜಡ್ಡುಗಟ್ಟುತ್ತದೆ. ಸವಾರ ಮೊದಲು ಕಲಿಯಬೇಕಾದದ್ದು ಕೆಳಗೆ ಯಾವ ಕಾಲು ಏಳುತ್ತಿದೆ ಎಂಬುದನ್ನು ಸೊಂಟದಿಂದಲೇ ಅರಿಯುವುದು. ಎಡ ಹಿಂಗಾಲು ಮುಂದೆ ಬರುವಾಗ ಕುದುರೆಯ ಹೊಟ್ಟೆ ಬಲಕ್ಕೆ ವಾಲುತ್ತದೆ. ಆಗ ಸವಾರನ ಎಡ ಸೊಂಟ ಇಳಿದು, ಎಡ ಮೀನಖಂಡ ತಾನಾಗಿ ಪಕ್ಕೆಗೆ ತಾಗುತ್ತದೆ. ಅಲ್ಲಿ ಒಂದಿಷ್ಟು ಒತ್ತು, ಮುಂದಿನ ಹೆಜ್ಜೆಗೆ ಬಲದಲ್ಲಿ ಒಂದಿಷ್ಟು. ಕಾಲು ಗಾಳಿಯಲ್ಲಿರುವಾಗ ಮಾತ್ರ ಅದನ್ನು ಇನ್ನಷ್ಟು ಮುಂದೆ ಇಡು ಎಂದು ಕೇಳಲು ಬರುತ್ತದೆ, ನೆಲ ಊರಿದ ಮೇಲೆ ಕೇಳಿ ಫಲವಿಲ್ಲ. ಕೈ ಕೂಡ ಸುಮ್ಮನಿರುವಂತಿಲ್ಲ. ನಡೆಯುವ ಕುದುರೆ ಪ್ರತಿ ಹೆಜ್ಜೆಗೂ ತಲೆ ಆಡಿಸುತ್ತದೆ, ಲಗಾಮು ಹಿಡಿದ ಮೊಣಕೈ ಅದರ ಜೊತೆಗೇ ಹೋಗಿಬರಬೇಕು. ಗಟ್ಟಿಯಾಗಿ ಹಿಡಿದ ಕೈಗೆ ಗಿಡ್ಡ ಹೆಜ್ಜೆಯೇ ಸಿಗುವುದು.

ಎಂಟು ಹತ್ತು ಹೆಜ್ಜೆ ಚುರುಕಾದವೋ, ಅಲ್ಲಿಗೆ ಕಾಲು ಸಡಿಲ ಬಿಟ್ಟು ಕುತ್ತಿಗೆ ಸವರಬೇಕು. ನಿಧಾನವಾದಾಗ ಮತ್ತೆ ಕೇಳಬೇಕು. ಅತಿಯಾಗಿ ಕೇಳಿದರೆ ಕುದುರೆ ನಡಿಗೆಯೂ ಅಲ್ಲದ ಓಟವೂ ಅಲ್ಲದ ಕುಣಿದಾಟಕ್ಕೆ ಬೀಳುತ್ತದೆ. ಅದರಲ್ಲಿ ದಣಿವೇ ಹೆಚ್ಚು, ದೂರ ಕಡಿಮೆ. ಆಗ ಲಗಾಮು ಜಗ್ಗಿ ಶಿಕ್ಷಿಸದೆ, ಮೆತ್ತಗೆ ನಡಿಗೆಗೆ ತಂದು ಮೊದಲಿನಿಂದ ಶುರು ಮಾಡಬೇಕು. ಮನೆ ಕಡೆಗಿನ ದಾರಿಯಲ್ಲಿ ಎಲ್ಲ ಕುದುರೆಗಳೂ ತಾವಾಗಿ ಚುರುಕಾಗುತ್ತವೆ. ಓಡಲು ಬಿಡದೆ ಆ ಹುರುಪನ್ನು ನಡಿಗೆಗೇ ತಿರುಗಿಸಿದರೆ ದಿನಕ್ಕೆ ಒಂದು ಒಳ್ಳೆಯ ಪಾಠ ಪುಕ್ಕಟೆ ಸಿಕ್ಕಂತೆ. ಚೆನ್ನಾಗಿ ನಡೆಯುವ ಹಿರಿಯ ಕುದುರೆಯೊಂದನ್ನು ಜೊತೆಗೆ ಕರೆದೊಯ್ಯುವುದು ಇನ್ನೂ ಒಳ್ಳೆಯದು. ಏರುದಾರಿ ಹಿಂಗಾಲಿಗೆ ಬಲ ಕೊಡುತ್ತದೆ.

ಹುಟ್ಟಿನಿಂದ ಬಂದ ಮಿತಿಯೂ ಉಂಟು. ಭುಜ ಓರೆಯಾಗಿ ಹಿಂದಕ್ಕೆ ವಾಲಿದ ಕುದುರೆ ಮುಂಗಾಲನ್ನು ದೂರಕ್ಕೆ ಚಾಚುತ್ತದೆ, ನೆಟ್ಟಗಿನ ಭುಜಕ್ಕೆ ಅಷ್ಟು ಆಗದು. ತಾಸಿಗೆ 5 ಕಿಲೋಮೀಟರಿನ ಕುದುರೆ ತಾಳ್ಮೆಯ ತಾಲೀಮಿನಿಂದ 6 ಮುಟ್ಟಿದರೆ ಅದೇ ದೊಡ್ಡದು. ಪರಿಚಿತ ದಾರಿಯ ಒಂದು ಕಿಲೋಮೀಟರನ್ನು ಗಡಿಯಾರ ಹಿಡಿದು ಅಳೆಯುತ್ತ ಬಂದರೆ ಪ್ರಗತಿ ತಿಳಿಯುತ್ತದೆ.

ಈ ನಡಿಗೆ ಹೆಚ್ಚು ನೆರವಾಗುವುದು ಪಶುವೈದ್ಯರ ತಪಾಸಣೆಯ ಹೊತ್ತಿಗೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕುದುರೆಯ ನಾಡಿಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯದೆ ಮುಂದಕ್ಕೆ ಬಿಡುವುದಿಲ್ಲ. ಓಡಿಸಿಕೊಂಡೇ ಬಂದವರು ಅಲ್ಲಿ ನಿಂತು ನೀರು ಸುರಿಯುತ್ತ ಕಾಯುತ್ತಾರೆ. ಕೊನೆಯ ಅರ್ಧ ಕಿಲೋಮೀಟರನ್ನು ಸಡಿಲ ಲಗಾಮಿನಲ್ಲಿ ಬಿರುಸಾಗಿ ನಡೆಸಿಕೊಂಡು ಬಂದವರ ಕುದುರೆ ಬರುವಷ್ಟರಲ್ಲೇ ತಣಿದಿರುತ್ತದೆ.

ಚೆನ್ನಾಗಿ ನಡೆಯುತ್ತಿದ್ದ ಕುದುರೆಯ ಹೆಜ್ಜೆ ಇದ್ದಕ್ಕಿದ್ದಂತೆ ಗಿಡ್ಡವಾದರೆ ಅದನ್ನು ಸೋಮಾರಿತನ ಎಂದುಕೊಳ್ಳಬಾರದು. ಇಳಿದು ನಾಲ್ಕೂ ಗೊರಸು ಎತ್ತಿ ಲಾಳದ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೇ ನೋಡಬೇಕು, ಗೊರಸಿನ ಮುಂತುದಿ ಬೆಳೆದು ಉದ್ದವಾಗಿದೆಯೇ ಗಮನಿಸಬೇಕು. ಜೀನು ಕಳಚಿ ಭುಜದ ಹಿಂಬದಿಯನ್ನು ಬೆರಳಿನಿಂದ ಒತ್ತಬೇಕು. ಅಲ್ಲಿ ಚರ್ಮ ಅದುರಿದರೆ, ಬೆವರಿದ ಬೆನ್ನಿನ ನಡುವೆ ಒಣಗಿದ ಮಚ್ಚೆ ಕಂಡರೆ, ಜೀನು ಅಲ್ಲಿ ಕಚ್ಚುತ್ತಿರಬಹುದು. ಅದನ್ನು ಸರಿಪಡಿಸುವವರೆಗೆ ಆ ಕುದುರೆಯಿಂದ ಚುರುಕು ನಡಿಗೆ ಕೇಳಕೂಡದು.