ಹೊಟ್ಟೆಯೊಳಗಿನ ಮಗುವಿನ ಮೆದುಳನ್ನ ಅಳೆಯೋದು ಹೇಗೆ?

ಗರ್ಭಿಣಿಯರ ಜೊತೆ ಚೆಕಪ್‌ಗೆ ಹೋದವರಿಗೆ ಗೊತ್ತು, ಮಗುವಿನ ಎದೆಬಡಿತ ಮೆಷಿನ್‌ನಲ್ಲಿ ದಡದಡ ಅಂತ ಕೇಳಿಸುತ್ತೆ. ಆದ್ರೆ ಮೆದುಳು? ಸ್ಕ್ಯಾನಿಂಗ್‌ನಲ್ಲಿ ಅದರ ಆಕಾರ ಕಾಣುತ್ತೆ, ಅದು ಮಾಡೋ ಕೆಲಸ ಕಾಣಲ್ಲ. ಮಗು ಸುಸ್ತಾಗಿದ್ಯಾ ಅನ್ನೋದನ್ನ ಡಾಕ್ಟರ್‌ಗಳು ಎದೆಬಡಿತ, ಅಲುಗಾಟ ನೋಡಿ ಅಂದಾಜು ಮಾಡ್ತಾರೆ.

ನಮಗಾದ್ರೆ ತಲೆಗೆ ವೈರ್ ಅಂಟಿಸಿ ಇಇಜಿ ಮಾಡ್ತಾರೆ. ಹೊಟ್ಟೆ ಮೇಲೆ ಅಂಟಿಸಿದ್ರೆ ಕೆಲಸ ಆಗಲ್ಲ. ಕೊನೆಯ ತಿಂಗಳುಗಳಲ್ಲಿ ಮಗುವಿನ ಮೈಮೇಲೆ ಬೆಣ್ಣೆಯಂಥ ಬಿಳಿ ಲೇಪ ಇರುತ್ತೆ, ಅದು ವಿದ್ಯುತ್ ಸಂಕೇತವನ್ನ ತಡೆಯುತ್ತೆ. ಆದ್ರೆ ಮೆದುಳಿನ ವಿದ್ಯುತ್ತಿನ ಜೊತೆಗೇ ಹುಟ್ಟೋ ಕಾಂತಕ್ಷೇತ್ರ ಹೊರಗೆ ಬರುತ್ತೆ. ಅದನ್ನ ಹಿಡಿಯೋ ವಿಧಾನವೇ ಫೀಟಲ್ ಎಂಇಜಿ.

ಅಮೆರಿಕದ ಲಿಟಲ್ ರಾಕ್‌ನಲ್ಲಿರೋ ಅರ್ಕಾನ್ಸಾ ವೈದ್ಯಕೀಯ ವಿಶ್ವವಿದ್ಯಾಲಯಕ್ಕಾಗಿ 'ಸಾರಾ' ಅನ್ನೋ ಯಂತ್ರವನ್ನೇ ಕಟ್ಟಿದ್ರು. ಅದರಲ್ಲಿ 151 ಸೆನ್ಸರ್. ತಾಯಿ ಕೂತು, ಮುಂದಕ್ಕೆ ಬಾಗಿ, ಹೊಟ್ಟೆಯನ್ನ ಅದರ ತಗ್ಗಿಗೆ ಒರಗಿಸಿದ್ರೆ ಸಾಕು. ಸೆನ್ಸರ್‌ಗಳನ್ನ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ತಂಪಾಗಿಡುತ್ತೆ. ಯಂತ್ರ ಕಿರಣ ಬಿಡಲ್ಲ, ಬಂದ ಸಂಕೇತವನ್ನ ಕೇಳಿಸಿಕೊಳ್ಳುತ್ತೆ ಅಷ್ಟೇ.

ಕಷ್ಟ ಇರೋದು ಲೆಕ್ಕದಲ್ಲಿ. ನಾನು ಕಾಮರ್ಸ್ ಓದಿದವನು, ಹಾಗಾಗಿ ರೂಪಾಯಲ್ಲೇ ಹೇಳ್ತೀನಿ. ಭೂಮಿಯ ಕಾಂತಕ್ಷೇತ್ರ ನೂರು ಕೋಟಿ ರೂಪಾಯಿ ಅಂದ್ಕೊಳ್ಳಿ, ಮಗುವಿನ ಮೆದುಳಿಂದು ಹೆಚ್ಚುಕಮ್ಮಿ ಒಂದು ರೂಪಾಯಿ. ಅದಕ್ಕೇ ಹೊರಗಿನ ಕಾಂತಕ್ಷೇತ್ರ ತಡೆಯೋ ವಿಶೇಷ ಕೋಣೆ ಬೇಕು. ಒಳಗೂ ತಾಯಿಯ ಹೃದಯ, ಮಗುವಿನ ಹೃದಯ ಎರಡೂ ಮೆದುಳಿಗಿಂತ ಜೋರು. ಕಂಪ್ಯೂಟರ್ ಅವನ್ನ ಕಳೆಯುತ್ತೆ. ಆಮೇಲೆ ಹೊಟ್ಟೆಯ ಹತ್ತಿರ 'ಬೀಪ್' ಸದ್ದನ್ನ ಮತ್ತೆ ಮತ್ತೆ ಕೇಳಿಸಿ ಸರಾಸರಿ ತೆಗೀತಾರೆ. ಗದ್ದಲ ಕರಗಿ, ಉತ್ತರ ಉಳಿಯುತ್ತೆ.

ಇದರಿಂದ ಏನು ಲಾಭ? ವಾರ ಕಳೆದ ಹಾಗೆ ಮೆದುಳಿನ ಉತ್ತರ ಬೇಗ ಬರೋಕೆ ಶುರುವಾಗುತ್ತೆ, ಅಂದ್ರೆ ಬೆಳವಣಿಗೆಯ ಒಂದು ಗಡಿಯಾರ ಸಿಕ್ಕ ಹಾಗೆ. ಸರಿಯಾಗಿ ಬೆಳೀದಿರೋ ಮಕ್ಕಳಲ್ಲಿ ಉತ್ತರ ತಡವಾಗುತ್ತಾ ಅಂತಲೂ ಸಂಶೋಧಕರು ನೋಡಿದ್ದಾರೆ. ಆದ್ರೆ ಪ್ರತಿ ಸಲ ಉತ್ತರ ಸಿಗಲ್ಲ, ಹಾಗಾಗಿ ಇದು ಇನ್ನೂ ಸಂಶೋಧನೆಯ ಸಾಧನ, ಮಾಮೂಲಿ ಟೆಸ್ಟ್ ಅಲ್ಲ.

ಇನ್ನೊಂದು ಮಾತು. ಮೆದುಳು ಸದ್ದಿಗೆ ಉತ್ತರ ಕೊಡ್ತು ಅಂದ್ರೆ ಸದ್ದು ತಲುಪಿದೆ ಅಂತ ಅರ್ಥ, ಮಗುವಿಗೆ ಪಾಠ ತಿಳೀತು ಅಂತಲ್ಲ. 'ಹುಟ್ಟೋ ಮೊದಲೇ ಬುದ್ಧಿವಂತ ಮಗು' ಅಂತ ಯಾವುದಾದ್ರೂ ಆ್ಯಪ್ ದುಡ್ಡು ಕೇಳಿದ್ರೆ ಈ ವ್ಯತ್ಯಾಸ ನೆನಪಿರಲಿ. ಮಗುವಿನ ಅಲುಗಾಟ ಕಡಿಮೆ ಅನ್ನಿಸಿದ್ರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರ್ ಹತ್ರ ಹೋಗಿ.