ನಾಲಿಗೆಗೆ ಸೇರದ ದ್ರಾಕ್ಷಾರಸ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ರಾಮನಗರ ದಾಟಿ ಮುಂದೆ ಸಾಗಿದರೆ ಚನ್ನಪಟ್ಟಣದ ಬಣ್ಣದ ಗೊಂಬೆಗಳ ಅಂಗಡಿಗಳು ಎದುರಾಗುತ್ತವೆ. ಬೇಸಿಗೆಯಾದರೆ ರಸ್ತೆಬದಿಯಲ್ಲಿ ಮಾವಿನ ಹಣ್ಣಿನ ರಾಶಿ. 2007ರ ನಂತರದ ವರ್ಷಗಳಲ್ಲಿ ಈ ಸಾಲಿಗೆ ದ್ರಾಕ್ಷಾರಸವೂ, ಅಂದರೆ ವೈನ್ ಕೂಡ, ಸೇರಿಕೊಂಡಿತು. ಚನ್ನಪಟ್ಟಣ ತಾಲ್ಲೂಕಿನಲ್ಲಿ ಹೆದ್ದಾರಿಗೆ ಹತ್ತಿರವೇ ವೈನ್ ತಯಾರಿಸುವ ಘಟಕವೊಂದು ತಲೆಯೆತ್ತಿತು. ಗೊಂಬೆ ಕೊಳ್ಳಲು ಇಳಿದವರು ಅಲ್ಲಿಗೂ ಹೋಗಿ ಒಂದು ಬಾಟಲಿ ಹಿಡಿದು ಊರಿಗೆ ಮರಳುವುದು ರೂಢಿಯಾಯಿತು.

ಮನೆಗೆ ಬಂದ ಬಾಟಲಿಯ ಕಥೆ ಬಹುಪಾಲು ಒಂದೇ. ಮುಚ್ಚಳ ತೆಗೆದು ಒಂದು ಗುಟುಕು ಕುಡಿದವರು ಮುಖ ಕಿವುಚುತ್ತಾರೆ. 'ಇದೇನು, ಕಷಾಯದ ಹಾಗಿದೆಯಲ್ಲ' ಎನ್ನುತ್ತಾರೆ. ದುಡ್ಡು ಕೊಟ್ಟು ತಂದದ್ದು, ಚೆಲ್ಲಲು ಮನಸ್ಸು ಬಾರದು; ಕುಡಿಯಲು ನಾಲಿಗೆ ಒಪ್ಪದು. ಬಾಟಲಿ ಫ್ರಿಜ್ಜಿನ ಮೂಲೆ ಸೇರುತ್ತದೆ. ತಿಂಗಳೆರಡು ಕಳೆದ ಮೇಲೆ ಬಚ್ಚಲಿಗೆ ಹೋಗುತ್ತದೆ.

ಚೆಲ್ಲುವುದಕ್ಕೆ ಮೊದಲು ಅದು ಏಕೆ ಸೇರಲಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕಾರಣ ತಿಳಿದರೆ ಉಪಯೋಗವೂ ತಿಳಿಯುತ್ತದೆ. ಪ್ರಶ್ನೆ ಸಣ್ಣದೆನಿಸಬಹುದು. ಆದರೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ವೈನ್ ಏಕೆ ಕೆಡುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬ ವಿಜ್ಞಾನಿಯ ಋಣ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆ ಬೆಳೆಗಾರರ ಮೇಲೆ ಇಂದಿಗೂ ಇದೆ. ಆ ಮಾತು ಮುಂದೆ ಬರುತ್ತದೆ.

ಹೊಸ ನೆಂಟ

ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. ಜಿಲ್ಲೆ ಹುಟ್ಟಿದ ವರ್ಷವೇ, ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ಒಂದು ಕಡೆ ಬಡವನ ಸಾರಾಯಿಗೆ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ದ್ರಾಕ್ಷಿ ಬೆಳೆಗಾರನ ಹೆಸರಿನಲ್ಲಿ ವೈನಿಗೆ ಬಾಗಿಲು ತೆರೆಯಿತು.

ಈ ಸೀಮೆಗೆ ವೈನ್ ಹೊಸತು. ಇಲ್ಲಿಯ ಹಳಬರು ಬಲ್ಲದ್ದು ಈಚಲು ಮರದ ಹೆಂಡ. ಮರದಿಂದ ಇಳಿಸಿದಾಗ ಸಿಹಿಯಾಗಿರುವ ನೀರು ಹೊತ್ತೇರಿದಂತೆ ಹುಳಿಯುತ್ತದೆ, ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ದ್ರಾಕ್ಷಿಯೆಂದರೆ ಇಲ್ಲಿಯವರಿಗೆ ಬೆಂಗಳೂರು ನೀಲಿ: ಕಪ್ಪಗಿನ, ದಪ್ಪ ಸಿಪ್ಪೆಯ, ಘಮ್ಮೆನ್ನುವ ಹಣ್ಣು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಈ ಬೆಳೆಗೆ 2013ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಇದು ಅಮೆರಿಕ ಮೂಲದ ಇಸಬೆಲ್ಲಾ ತಳಿಯೇ, ಇಲ್ಲವೆ ಅದರ ತೀರ ಹತ್ತಿರದ ಬಂಧು ಎಂದು ತೋಟಗಾರಿಕೆ ಬಲ್ಲವರು ಗುರುತಿಸುತ್ತಾರೆ.

ವಿಚಿತ್ರವೆಂದರೆ, 1934ರ ಕೊನೆಯಲ್ಲಿ ಫ್ರಾನ್ಸ್ ಸರ್ಕಾರ ಮಾರಾಟದ ವೈನಿಗೆ ಬಳಸಬಾರದೆಂದು ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಕೂಡ ಒಂದು. ಅಲ್ಲಿಯ ರಸಿಕರಿಗೆ ಅದರ ಘಮವೇ ಸಹಿಸದು. ಇಲ್ಲಿ ದ್ರಾಕ್ಷಿಯೆಂದರೆ ಆ ಘಮವೇ. ಯುರೋಪಿನ ಕ್ಯಾಬರ್ನೆ, ಶಿರಾಜ್ ತಳಿಗಳ ವೈನಿನಲ್ಲಿ ಆ ಪರಿಮಳವೂ ಇಲ್ಲ, ಸಿಹಿಯೂ ಇಲ್ಲ. ದ್ರಾಕ್ಷಿಯ ಸಕ್ಕರೆಯೆಲ್ಲ ಮದ್ಯಸಾರವಾಗಿ ಮಾರ್ಪಟ್ಟಿರುತ್ತದೆ. ದ್ರಾಕ್ಷಿ ಹಣ್ಣನ್ನು ನೆನೆದು ಗುಟುಕರಿಸಿದವರಿಗೆ ಕಷಾಯ ಕುಡಿದಂತಾದರೆ ತಪ್ಪು ಯಾರದೂ ಅಲ್ಲ.

ಒಗರಿನ ಲೆಕ್ಕ

ಆರು ರುಚಿಗಳಲ್ಲಿ ಕೊನೆಯದಾಗಿ ಹೇಳುವ ಒಗರು ಕೆಂಪು ವೈನಿನಲ್ಲಿ ಎದ್ದು ಕಾಣುತ್ತದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್ ಅದಕ್ಕೆ ಕಾರಣ. ಅಡಿಕೆ, ನೇರಳೆ ಹಣ್ಣು, ಕಡುಚಹಾ ಬಾಯನ್ನು ಬಿಗಿ ಹಿಡಿಯುವುದೂ ಇದರಿಂದಲೇ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಾಯಿ ಒಣಗಿದಂತಾಗುತ್ತದೆ. ಮಾಂಸ, ಗಿಣ್ಣು, ಬೆಣ್ಣೆಯಂಥ ಪದಾರ್ಥ ಬಾಯಲ್ಲಿದ್ದರೆ ಒಗರು ತಗ್ಗುತ್ತದೆ. ಬರಿಬಾಯಿಗೆ ಸೇರದ ವೈನ್ ಊಟದ ಜೊತೆ ಸೇರಬಹುದು.

ಆದರೆ ಯುರೋಪಿನ ಈ ಸೂತ್ರ ನಮ್ಮ ಊಟಕ್ಕೆ ಪೂರ್ತಿ ಒಗ್ಗದು. ಮುದ್ದೆಯ ಜೊತೆಗಿನ ನಾಟಿಕೋಳಿ ಸಾರು ಖಾರದ್ದು. ಒಗರೂ ಮದ್ಯಸಾರವೂ ಖಾರದ ಉರಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಅಂಥ ಊಟಕ್ಕೆ ತುಸು ಸಿಹಿಯಿರುವ, ತಂಪಾದ ವೈನೇ ಮೇಲು.

ಉಷ್ಣತೆಯ ಪಾತ್ರವೂ ಇದೆ. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಕೊರೆಯುವಷ್ಟು ತಣ್ಣಗೆ ಮಾಡಿದರೆ ಒಗರು ಹೆಚ್ಚು ಕಾಣುತ್ತದೆ. 30 ಡಿಗ್ರಿ ಸೆಕೆಯಲ್ಲಿಟ್ಟರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತದೆ. 16ರಿಂದ 18 ಡಿಗ್ರಿ ಸರಿಯಾದ ಹದ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಮತ್ತೊಮ್ಮೆ ರುಚಿ ನೋಡಿದರೆ ನಷ್ಟವೇನಿಲ್ಲ.

ಸೇರದ್ದು, ಕೆಟ್ಟದ್ದು

ಸೇರದ ವೈನ್ ಬೇರೆ, ಕೆಟ್ಟ ವೈನ್ ಬೇರೆ. ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ಮುಗ್ಗಲು ವಾಸನೆ ಬಂದರೆ ಬಿರಡೆಯಿಂದ ಸೇರಿದ ದೋಷವಿರಬಹುದು. ಅದನ್ನು ಕುಡಿದರೆ ಅಪಾಯವಿಲ್ಲ, ಆದರೆ ಕುದಿಸಿದರೂ ಆ ವಾಸನೆ ಬಿಡದು. ಚೆಲ್ಲಬಹುದಾದದ್ದು ಇಂಥದ್ದನ್ನು ಮಾತ್ರ. ಹುಳಿ ವಾಸನೆ ಮೂಗಿಗೆ ಚುಚ್ಚುತ್ತಿದ್ದರೆ ವೈನ್ ವಿನೆಗರ್ ಆಗಲು ಹೊರಟಿದೆ ಎಂದರ್ಥ. ಅದಕ್ಕೆ ಮುಂದೆ ದಾರಿಯಿದೆ.

ಕೆಡದೆ ಕೇವಲ ರುಚಿಸದ ವೈನಿಗೆ ಹಲವು ನಾಡಿನವರು ಉಪಾಯ ಕಂಡುಕೊಂಡಿದ್ದಾರೆ. ಸ್ಪೇನಿನವರು ಕಿತ್ತಳೆ, ನಿಂಬೆ, ಸಕ್ಕರೆ ಸೇರಿಸಿ ತಂಪಾಗಿ ಕುಡಿಯುವ ಸಾಂಗ್ರಿಯಾ ಮಾಡುತ್ತಾರೆ. ಜರ್ಮನಿಯಲ್ಲಿ ಚಳಿಗಾಲಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ, ಕುದಿ ಬರದಂತೆ ಬಿಸಿ ಮಾಡಿ ಕುಡಿಯುತ್ತಾರೆ. ತೀರ ಸಿಹಿಯೆನಿಸಿದ್ದಕ್ಕೆ ನಿಂಬೆರಸ, ಸೋಡಾ ಸಾಕು.

ಅಡುಗೆಗೂ ಬಳಸಬಹುದು. ಮಾಂಸವನ್ನು ವೈನಿನಲ್ಲಿ ನೆನೆಸಿ ಬೇಯಿಸುವುದು ಯುರೋಪಿನ ಹಳೆಯ ಕ್ರಮ. ಹುಳಿಯ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲಿನದು ಇರಲಿ. ಒಂದು ಎಚ್ಚರ ಮಾತ್ರ ಬೇಕು. ಕುದಿಸಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಂತೆ 15 ನಿಮಿಷ ಬೇಯಿಸಿದರೆ ಶೇ 40ರಷ್ಟು, ಒಂದು ಗಂಟೆ ಬೇಯಿಸಿದರೆ ಶೇ 25ರಷ್ಟು, ಎರಡೂವರೆ ಗಂಟೆಯ ಮೇಲೂ ಶೇ 5ರಷ್ಟು ಉಳಿದಿರುತ್ತದೆ. ಮದ್ಯ ಮುಟ್ಟದವರಿಗೆ, ಮಕ್ಕಳಿಗೆ, ಬಸುರಿಯರಿಗೆ ಇಂಥ ಅಡುಗೆಯನ್ನು ತಿಳಿಸದೆ ಬಡಿಸುವುದು ಸಲ್ಲದು.

ಬೇಡವಾದ ಬಾಟಲಿಯನ್ನು ಇಷ್ಟಪಡುವ ಸ್ನೇಹಿತರಿಗೆ ಕೊಡಬಹುದು. ಪರವಾನಗಿ ಇಲ್ಲದೆ ಮಾರುವಂತಿಲ್ಲ. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ.

ಹುಳಿಯೇ ಫಲ

ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ವೈನನ್ನು ಪೂರ್ತಿ ಹುಳಿಯಲು ಬಿಡುವುದು. 'ವಿನೆಗರ್' ಎಂಬ ಮಾತಿನ ಮೂಲ ಫ್ರೆಂಚಿನಲ್ಲಿದೆ. ಅದರ ಅರ್ಥವೇ ಹುಳಿ ವೈನ್. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬರುವ ಶುಕ್ತವೂ ಇದೇ ಜಾತಿಯ ಹುಳಿ. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುವ ಪದ್ಧತಿಯನ್ನು ಗೋವೆಗೆ ತಂದ ಪೋರ್ಚುಗೀಸರು ಇಲ್ಲಿ ವೈನಿಗೆ ಬದಲಾಗಿ ಹುಳಿತ ಕಳ್ಳನ್ನು ಬಳಸಿದರು. ವಿಂದಾಲೂ ಹುಟ್ಟಿದ್ದು ಹಾಗೆ. ಮಂಗಳೂರಿನ ಕ್ರೈಸ್ತರ ಅಡುಗೆಮನೆಗಳಲ್ಲಿ ಕಳ್ಳಿನ ವಿನೆಗರಿಗೆ ಇಂದಿಗೂ ಸ್ಥಾನವಿದೆ.

ಮಾಡುವ ವಿಧಾನ ಮೊಸರಿಗೆ ಹೆಪ್ಪು ಹಾಕುವವರಿಗೆ ಕಷ್ಟವೆನಿಸದು. ವೈನಿನಲ್ಲಿ ಸಾಮಾನ್ಯವಾಗಿ ಶೇ 12ರಿಂದ 13 ಮದ್ಯಸಾರವಿರುತ್ತದೆ. ಕಾಯಿಸಿ ಆರಿಸಿದ ನೀರನ್ನು ಹೆಚ್ಚುಕಡಿಮೆ ಸಮಪಾಲು ಬೆರೆಸಿ ಅದನ್ನು ಶೇ 6-7ಕ್ಕೆ ಇಳಿಸಬೇಕು. ಅಗಲ ಬಾಯಿಯ ಗಾಜಿನ ಜಾಡಿಗೋ ಪಿಂಗಾಣಿ ಭರಣಿಗೋ ಸುರಿದು ತೆಳು ಬಟ್ಟೆ ಕಟ್ಟಬೇಕು. ಗಾಳಿ ಆಡಬೇಕು, ನೊಣ ಹೋಗಬಾರದು. ಹೆಪ್ಪಾಗಿ ಸೋಸದ, ಕಾಯಿಸದ ಸಹಜ ವಿನೆಗರನ್ನು ಸ್ವಲ್ಪ ಬೆರೆಸಬೇಕು. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರಿನಲ್ಲಿ ಜೀವಾಣುಗಳಿಲ್ಲದ ಕಾರಣ ಅದು ಹೆಪ್ಪಾಗದು. ಬೆಚ್ಚಗಿನ, ಬಿಸಿಲು ಬೀಳದ ಕಡೆ ಇಟ್ಟರೆ ಕೆಲವು ವಾರಗಳಲ್ಲಿ ಮೇಲೊಂದು ಪೊರೆ ಕಟ್ಟುತ್ತದೆ. ಅದಕ್ಕೆ ವಿನೆಗರಿನ ತಾಯಿ ಎಂದೇ ಹೆಸರು. ಒಂದೆರಡು ತಿಂಗಳಲ್ಲಿ ಮದ್ಯದ ಘಾಟು ಹೋಗಿ ಶುದ್ಧ ಹುಳಿ ಉಳಿಯುತ್ತದೆ. ಹಸಿರು, ಕಪ್ಪು ಬಣ್ಣದ ಬೂಷ್ಟು ಬಂದರೆ ಮಾತ್ರ ಚೆಲ್ಲಿಬಿಡಬೇಕು. ಮನೆಯ ವಿನೆಗರಿನ ಹುಳಿಯ ಪ್ರಮಾಣ ನಿಶ್ಚಿತವಲ್ಲ. ಆದ್ದರಿಂದ ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಗೆ ಬೇಡ, ಕೋಸಂಬರಿಗೆ, ಮಾಂಸ ನೆನೆಸಲು ಸಾಕು.

ವೈನಿನಿಂದ ರೇಷ್ಮೆಗೆ

ಈ ಪೊರೆ ಸತ್ತ ವಸ್ತುವಲ್ಲ, ಜೀವವಿರುವ ಸೂಕ್ಷ್ಮಾಣುಗಳ ಕೆಲಸ ಎಂದು ಪ್ರಯೋಗಗಳಿಂದ ತೋರಿಸಿದವನು ಲೂಯಿ ಪಾಶ್ಚರ್. ಅವನು ಬೆಳೆದದ್ದು ಫ್ರಾನ್ಸಿನ ವೈನ್ ಸೀಮೆಯ ಆರ್ಬುವಾ ಪಟ್ಟಣದಲ್ಲಿ. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ವೈನ್ ಕೆಡುವ ಸಮಸ್ಯೆಯನ್ನು ಪರಿಶೀಲಿಸುವಂತೆ ಅವನನ್ನು ಕೇಳಿದ. ಒಂದೊಂದು ಬಗೆಯ ಕೆಡುಕಿಗೂ ಒಂದೊಂದು ಸೂಕ್ಷ್ಮಜೀವಿ ಕಾರಣ, ವೈನನ್ನು 50ರಿಂದ 60 ಡಿಗ್ರಿವರೆಗೆ ಬಿಸಿ ಮಾಡಿದರೆ ಅವು ಸಾಯುತ್ತವೆ ಎಂದು ಪಾಶ್ಚರ್ ಕಂಡುಕೊಂಡ. ವೈನ್ ಕುರಿತ ಅವನ ಗ್ರಂಥ 1866ರಲ್ಲಿ, ವಿನೆಗರ್ ಕುರಿತದ್ದು 1868ರಲ್ಲಿ ಹೊರಬಂದವು. ಹಾಲಿನ ಪ್ಯಾಕೆಟ್ಟಿನ ಮೇಲೆ ಕಾಣುವ 'ಪಾಶ್ಚರೀಕರಿಸಿದ' ಎಂಬ ಮಾತು ಬಂದದ್ದು ಇವನ ಹೆಸರಿನಿಂದ.

ಇದೇ ಕೆಲಸದ ನಡುವೆ, 1865ರಲ್ಲಿ, ಅವನಿಗೆ ಇನ್ನೊಂದು ಕರೆ ಬಂತು. ದಕ್ಷಿಣ ಫ್ರಾನ್ಸಿನ ಅಲೆಸ್ ಸೀಮೆಯಲ್ಲಿ ರೇಷ್ಮೆ ಹುಳುಗಳು ರಾಶಿರಾಶಿಯಾಗಿ ಸಾಯುತ್ತಿದ್ದವು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಹಿಡಿದವನಲ್ಲ. ಐದು ವರ್ಷ ಅಲ್ಲಿಗೆ ಹೋಗಿಬಂದು ದುಡಿದ. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳೇಳುವ ಪೆಬ್ರಿನ್ ರೋಗವು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ ಎಂದು ಖಚಿತಪಡಿಸಿದ. ಪರಿಹಾರ ಸರಳವಾಗಿತ್ತು. ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಡಬೇಕು, ಕಾಣದಿದ್ದರೆ ಬಿತ್ತನೆಗೆ ಇಟ್ಟುಕೊಳ್ಳಬೇಕು.

ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗ ಎಂದು ಕರೆಯುವುದು ಇದನ್ನೇ. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಮಾಗಡಿ-ಕುಣಿಗಲ್ ಸೀಮೆಗೆ ಈ ರೋಗ ತಗುಲಿದರೆ ಅದು ಒಂದು ಮನೆಯ ನಷ್ಟವಾಗಿ ನಿಲ್ಲುವುದಿಲ್ಲ. ಮೊಟ್ಟೆಯ ಜೊತೆ ಊರೂರಿಗೆ ಹೋಗುತ್ತದೆ. ಅದಕ್ಕಾಗಿಯೇ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುತ್ತದೆ. ಕನಕಪುರದ ರೈತ 'ರೋಗರಹಿತ ಮೊಟ್ಟೆ' ಎಂದು ನಂಬಿ ಚಾಕಿ ಕಟ್ಟುವುದರ ಹಿಂದೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಬಂದು ಬೀಳುವುದರ ಹಿಂದೆ ಆ ಪರೀಕ್ಷೆಯಿದೆ. ವೈನ್ ಕೆಟ್ಟಿತೆಂದು ಚೆಲ್ಲಿ ಸುಮ್ಮನಾಗದೆ ಏಕೆ ಕೆಟ್ಟಿತೆಂದು ಕೇಳಿದವನ ಕಣ್ಣು ಅದರ ಹಿಂದಿದೆ.

ಒಂದು ಬಾಟಲಿ ವೈನಿಗೆ ಸುಮಾರು ಒಂದು ಕಿಲೋ ದ್ರಾಕ್ಷಿ ಬೇಕು. ಯಾವನೋ ರೈತ ಚಪ್ಪರ ಕಟ್ಟಿ, ನೀರುಣಿಸಿ, ಆಲಿಕಲ್ಲಿಗೆ ಅಂಜಿ ಬೆಳೆದ ಹಣ್ಣು ಅದು. ಸೇರದಿದ್ದರೆ ಬಲವಂತವಾಗಿ ಕುಡಿಯಬೇಕಾಗಿಲ್ಲ. ಕುಡಿಯದವರು ಕುಡಿಯಲು ಕಲಿಯಬೇಕಾದ ಅಗತ್ಯವಂತೂ ಇಲ್ಲವೇ ಇಲ್ಲ. ಒಂದು ಭರಣಿ, ಒಂದು ತುಂಡು ಬಟ್ಟೆ, ಸ್ವಲ್ಪ ಹೆಪ್ಪು, ಎರಡು ತಿಂಗಳ ತಾಳ್ಮೆ ಇದ್ದರೆ ಬಚ್ಚಲಿಗೆ ಹೋಗಬೇಕಾಗಿದ್ದದ್ದು ಅಡುಗೆಮನೆಯಲ್ಲೇ ಉಳಿಯುತ್ತದೆ.