ಯಂತ್ರಕ್ಕೆ ಮಾತು ಕಲಿಸಿದವರ ಪಾಲು

ಇಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ರಾತ್ರಿಯೂಟದ ಹೊತ್ತಿನಲ್ಲಿ, "ನೌಕರಿಗೆ ಅರ್ಜಿ ಹಾಕುವುದಿಲ್ಲ, ಗೆಳೆಯರೊಡನೆ ಸ್ವಂತ ಕಂಪೆನಿ ಕಟ್ಟುತ್ತೇನೆ" ಎನ್ನುವುದು ಇಂದು ಅನೇಕ ಮನೆಗಳಲ್ಲಿ ಕೇಳಿಬರುವ ಮಾತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದ ಬಳಿಕವಂತೂ ಕೃತಕ ಬುದ್ಧಿಮತ್ತೆಯ ನವೋದ್ಯಮ ಯುವಜನರ ಕನಸಾಗಿದೆ. ಬಂಡವಾಳ ಎಲ್ಲಿಂದ, ಲಾಭ ಯಾವಾಗ ಎಂದು ಹೆತ್ತವರು ಸಹಜವಾಗಿಯೇ ಕೇಳುತ್ತಾರೆ. ಅವೆರಡರ ಜೊತೆಗೆ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಈ ಯಂತ್ರಕ್ಕೆ ಕಲಿಸುವವರು ಯಾರು, ಅವರಿಗೆ ಸಲ್ಲುವ ಕೂಲಿ ಎಷ್ಟು?

ಕೃತಕ ಬುದ್ಧಿಮತ್ತೆ ತಾನಾಗಿಯೇ ಜ್ಞಾನಿಯಾಗುವುದಿಲ್ಲ. ಮನುಷ್ಯರು ಬರೆದ, ಆಡಿದ, ಚಿತ್ರಿಸಿದ ಅಪಾರ ಸಾಮಗ್ರಿಯಿಂದ ಅದು ಕಲಿಯುತ್ತದೆ. ಆ ಸಾಮಗ್ರಿಯನ್ನು ಓದಿ, ಆರಿಸಿ, ತಿದ್ದಿ ಕೊಡುವ ಸಾವಿರಾರು ಕೈಗಳು ತೆರೆಯ ಹಿಂದೆ ದುಡಿಯುತ್ತವೆ. ಚಾಟ್‌ಜಿಪಿಟಿಯನ್ನು ಸುರಕ್ಷಿತಗೊಳಿಸಲು ಅಸಹ್ಯ ಬರಹಗಳನ್ನು ಓದಿ ವಿಂಗಡಿಸಿದ ಕೆನ್ಯಾದ ಕೆಲಸಗಾರರಿಗೆ ಗಂಟೆಗೆ 2 ಡಾಲರಿಗಿಂತಲೂ ಕಡಿಮೆ ದೊರೆತ ಸಂಗತಿಯನ್ನು 2023ರ ಜನವರಿಯಲ್ಲಿ 'ಟೈಮ್' ಪತ್ರಿಕೆ ಬೆಳಕಿಗೆ ತಂದಿತು.

ಇದಕ್ಕೆ ಬೇರೊಂದು ದಾರಿಯೂ ಉಂಟೆಂಬುದನ್ನು ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ತೋರಿಸಿಕೊಟ್ಟಿದೆ. ಮೈಕ್ರೋಸಾಫ್ಟಿನ ಬೆಂಗಳೂರು ಸಂಶೋಧನಾ ಕೇಂದ್ರದಲ್ಲಿ ಮೊಳಕೆಯೊಡೆದ ಯೋಜನೆ 2021ರಲ್ಲಿ ಲಾಭಾಪೇಕ್ಷೆಯಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ಸ್ಥಾಪಕರಲ್ಲೊಬ್ಬರಾದ ಮನು ಚೋಪ್ರಾ ದೆಹಲಿಯ ಬಡ ಬಡಾವಣೆಯೊಂದರಲ್ಲಿ ಬೆಳೆದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಸ್ವದೇಶಕ್ಕೆ ಮರಳಿದವರು.

ಅವರ ಲೆಕ್ಕಾಚಾರ ಸರಳವಾದುದು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷಿಕರು ಸುಮಾರು 4.37 ಕೋಟಿ. ಆದರೆ ಯಂತ್ರವು ಕಲಿಯಬಲ್ಲ ಕನ್ನಡ ಧ್ವನಿಮುದ್ರಣ ಇಂಗ್ಲಿಷಿನೆದುರು ಅತ್ಯಲ್ಪ. ಕಂಪೆನಿಗಳು ಅರಸುವ ಈ ಸಂಪತ್ತು ಇರುವುದು ಹಳ್ಳಿಗರ ನಾಲಗೆಯಲ್ಲಿ. ಆದುದರಿಂದ ಗ್ರಾಮೀಣ ಜನರು ಮೊಬೈಲ್ ಫೋನಿನಲ್ಲಿ ಮೂಡುವ ವಾಕ್ಯಗಳನ್ನು ತಮ್ಮ ದನಿಯಲ್ಲಿ ಓದಿ ಒಪ್ಪಿಸುತ್ತಾರೆ. ಕ್ಷಯರೋಗದ ಬಗ್ಗೆ ಕನ್ನಡದಲ್ಲೇ ಉತ್ತರಿಸಬಲ್ಲ ವ್ಯವಸ್ಥೆಯೊಂದಕ್ಕಾಗಿ 2023ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಓದು ನಡೆಯಿತು. ಆಗ 'ಕಾರ್ಯ' ನೀಡುತ್ತಿದ್ದ ಕೂಲಿ ಗಂಟೆಗೆ ಕನಿಷ್ಠ 5 ಡಾಲರ್, ಅಂದರೆ ಅಂದಿನ ಬೆಲೆಯಲ್ಲಿ 400 ರೂಪಾಯಿಗೂ ಮಿಗಿಲು. ಸಂಗ್ರಹವು ಮತ್ತೊಮ್ಮೆ ಮಾರಾಟವಾದರೆ ದನಿ ಕೊಟ್ಟವರಿಗೆ ಅದರಲ್ಲೂ ಪಾಲು ಸಲ್ಲಬೇಕೆಂಬುದು ಸಂಸ್ಥೆಯ ನಿಯಮ.

ಇದು ಶಾಶ್ವತ ಉದ್ಯೋಗವಲ್ಲವೆಂಬುದನ್ನೂ ಮರೆಯುವಂತಿಲ್ಲ. ಹೆಚ್ಚು ಜನರಿಗೆ ಸರದಿ ಬರಲೆಂದು ಒಬ್ಬರ ಗಳಿಕೆಗೆ ಸುಮಾರು 1,500 ಡಾಲರಿನ ಮಿತಿಯನ್ನು ಇರಿಸಲಾಗಿತ್ತು. ಯೋಜನೆ ಮುಗಿದೊಡನೆ ಸಂಪಾದನೆಯೂ ನಿಲ್ಲುತ್ತದೆ. ಲಾಭವನ್ನು ನೆಚ್ಚಿ ನಡೆಯಬೇಕಾದ ಕಂಪೆನಿಗಳು ಈ ಮಾದರಿಯನ್ನು ಇದ್ದಂತೆಯೇ ಅನುಸರಿಸುವುದು ಸುಲಭವೂ ಅಲ್ಲ. ಆದರೆ ದುಡಿದವನಿಗೆ ನ್ಯಾಯವಾದುದನ್ನು ಕೊಟ್ಟರೆ ಉದ್ಯಮ ನಿಲ್ಲಲಾರದೆಂಬ ನೆಪವನ್ನು ಇದು ಸುಳ್ಳಾಗಿಸಿದೆ.

2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ, ಎರಡು ದಿನಗಳ ಬಳಿಕ ಕಾರ್ಡಿನಲರೆದುರು ತಮ್ಮ ಹೆಸರಿನ ಕಾರಣವನ್ನು ತಿಳಿಸಿದರು. ಹದಿಮೂರನೆಯ ಲಿಯೋ 1891ರಲ್ಲಿ 'ರೇರುಮ್ ನೊವಾರುಮ್' ವಿಶ್ವಪತ್ರದ ಮೂಲಕ ಕಾರ್ಖಾನೆಗಳ ಯುಗದ ಕಾರ್ಮಿಕರ ನ್ಯಾಯಯುತ ಕೂಲಿಯ ಪರ ನಿಂತಿದ್ದರು. ಕೃತಕ ಬುದ್ಧಿಮತ್ತೆಯು ಮಾನವ ಘನತೆ, ನ್ಯಾಯ ಮತ್ತು ದುಡಿಮೆಯ ಪ್ರಶ್ನೆಗಳನ್ನು ಮತ್ತೆ ನಮ್ಮೆದುರು ತಂದಿರಿಸಿದೆಯೆಂದು ಹೊಸ ಪೋಪರು ನೆನಪಿಸಿದರು.

ಹೊಸ ಕಂಪೆನಿಯ ಕನಸು ಹೊತ್ತ ಮಕ್ಕಳನ್ನು ನಿರುತ್ಸಾಹಗೊಳಿಸುವ ಅಗತ್ಯವಿಲ್ಲ. ಅವರು ಲೆಕ್ಕದ ಹಾಳೆಯನ್ನು ಬಿಡಿಸಿ ಕಂಪ್ಯೂಟರಿಗೆ ಇಷ್ಟು, ಕಚೇರಿಗೆ ಇಷ್ಟು, ಪ್ರಚಾರಕ್ಕೆ ಇಷ್ಟು ಎಂದು ವಿವರಿಸುವಾಗ ಹೆತ್ತವರು ತಾಳ್ಮೆಯಿಂದ ಕೇಳಲಿ. ಬಳಿಕ, "ಯಂತ್ರಕ್ಕೆ ಕಲಿಸುವವರ ಕೂಲಿಯನ್ನು ಇದರಲ್ಲಿ ಎಲ್ಲಿ ಬರೆದಿದ್ದೀ?" ಎಂದು ಒಮ್ಮೆ ವಿಚಾರಿಸಲಿ. ಆ ಸಾಲು ಖಾಲಿಯಿದ್ದರೆ ಅದನ್ನು ತುಂಬಿದ ಮೇಲೆಯೇ ಕೆಲಸ ಆರಂಭವಾಗಲಿ.